ಪಶ್ಚಾತ್ತಾಪಕ್ಕೊಂದು ವಿಳಾಸ ಬೇಕು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮನೆ ಪ್ರಾರ್ಥನಾಕೂಟಗಳಿಗೆ ಬಹಿರಂಗ ಪತ್ರ



ಬೂದಿ ಬುಧವಾರ ಹತ್ತಿರ ಬಂತು. ಇನ್ನು ಈಸ್ಟರ್ ತನಕ ಗಂಗೊಳ್ಳಿ, ತ್ರಾಸಿ, ಬೈಂದೂರು, ಬಸ್ರೂರು, ಸಾಸ್ತಾನ, ಬಾರ್ಕೂರು, ಪೇತ್ರಿ ಕಡೆಯ ಮನೆಗಳಲ್ಲಿ ಬೈಬಲ್ ಓದು ಜೋರಾಗುತ್ತದೆ. ಕಥೋಲಿಕರ ವಾರ್ಡ್ ಕೂಟ, ಸಿ.ಎಸ್.ಐ. ಸಭೆಯವರ ಮನೆ ಪ್ರಾರ್ಥನೆ, ಬ್ರಹ್ಮಾವರದ ಆರ್ಥೊಡಾಕ್ಸ್ ಮನೆಗಳ ಉಪವಾಸ, ಇವುಗಳ ಕ್ರಮ ಬೇರೆಬೇರೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟರದ್ದರಲ್ಲಿ 66. ಆದರೂ ಈ ಕಾಲದಲ್ಲಿ ಎಲ್ಲರೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾನು ಹೇಗಿದ್ದೇನೆ, ಎಲ್ಲಿ ಬದಲಾಗಬೇಕು?

ಆ ಪ್ರಶ್ನೆಯ ಬಗ್ಗೆಯೇ ಈ ಪತ್ರ. ನಾನು ಧರ್ಮಗುರುವಲ್ಲ, ಉಪದೇಶಿಯೂ ಅಲ್ಲ. ನಿಮ್ಮ ಜೊತೆ ಅದೇ ಚಾಪೆಯ ಮೇಲೆ ಕೂತು ಓದುವವನು. ಹಾಗಾಗಿ ಬೋಧನೆ ಎಂದುಕೊಳ್ಳದೆ, ಕೂಟದಲ್ಲಿ ಹೇಳಲಾಗದೆ ಉಳಿದ ಮಾತು ಎಂದುಕೊಂಡು ಓದಿ.

ಕೂಟ ಹೇಗೆ ನಡೆಯುತ್ತದೆಂದು ನಮಗೆಲ್ಲ ಗೊತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಸರು, ಚಾಪೆಯ ಮೇಲೆ ಹೆಂಗಸರು ಮಕ್ಕಳು. ವಾರ್ಡಿನ ಮುಖಂಡರಾದ ಗುರ್ಕಾರರು ಬಂದ ಮೇಲೆ ತೇರ್ಸ್, ಅಂದರೆ ಜಪಮಾಲೆ. ಆಮೇಲೆ ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಶುಭಸಂದೇಶದ ಒಂದು ಭಾಗವನ್ನು ತಡವರಿಸದೆ ಓದಿ ಮುಗಿಸುತ್ತಾಳೆ. "ಯಾರಾದರೂ ಏನಾದರೂ ಹೇಳುವುದಿದೆಯಾ?" ಎಂದು ಕೇಳಿದಾಗ ಎಲ್ಲರೂ ನೆಲ ನೋಡುತ್ತಾರೆ. ಕೊನೆಗೆ ಹಿರಿಯರೊಬ್ಬರು, "ನಾವೆಲ್ಲ ಪಾಪಿಗಳು, ದೇವರು ದಯಾಳು" ಎನ್ನುತ್ತಾರೆ. ತಲೆಗಳು ಆಡುತ್ತವೆ. ಚಾ ಬರುತ್ತದೆ. ಚಾದ ಜೊತೆ ನಿಜವಾದ ವ್ಯಾಖ್ಯಾನ, ಕೊಂಕಣಿಯಲ್ಲೋ ಕುಂದಗನ್ನಡದಲ್ಲೋ, ತಗ್ಗಿದ ದನಿಯಲ್ಲಿ ಶುರುವಾಗುತ್ತದೆ: "ಇವತ್ತಿನ ಓದ್ ಅವ್ರಿಗೇ ಸಮಾ ತಾಗತ್ತ್ ಮರಾಯ್ರೆ. ಬರ್ಕಿತ್ತ್ ಅವ್ರ್."

ಈ ಎರಡು ಮಾತುಗಳಲ್ಲೇ ನಮ್ಮ ಆತ್ಮಪರಿಶೋಧನೆ ಮುಗಿದುಹೋಗುತ್ತದೆ. "ನಾವೆಲ್ಲ ಪಾಪಿಗಳು" ಎಂದಾಗ ತಪ್ಪು ಎಲ್ಲರ ಮೇಲೂ ಸಮನಾಗಿ ಹಂಚಿಹೋಗಿ ಯಾರಿಗೂ ಭಾರವಾಗುವುದಿಲ್ಲ. "ಅವರಿಗೇ ತಾಗುತ್ತದೆ" ಎಂದಾಗ ಭಾರ ಪೂರ್ತಿ ಪಕ್ಕದ ಮನೆಗೆ ಹೋಗುತ್ತದೆ. ಎರಡರಲ್ಲೂ ನನ್ನ ಹೆಸರು ಬರುವುದಿಲ್ಲ; ನನ್ನಿಂದ ನೋವು ತಿಂದವರ ಹೆಸರಂತೂ ಮೊದಲೇ ಬರುವುದಿಲ್ಲ.

ದಾವೀದನ ಕಥೆ ನೋಡಿ. ಸಮುವೇಲನ ಎರಡನೇ ಗ್ರಂಥದ 11 ಮತ್ತು 12ನೇ ಅಧ್ಯಾಯಗಳು. ರಾಜ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡ. ವಿಷಯ ಮುಚ್ಚಲು ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯುವಂತೆ ಮಾಡಿದ. ಪ್ರವಾದಿ ನಾತಾನ ಬಂದು ನೇರವಾಗಿ ಬೈಯಲಿಲ್ಲ. ಒಂದೇ ಒಂದು ಕುರಿಮರಿ ಸಾಕಿಕೊಂಡಿದ್ದ ಬಡವನಿಂದ ಅದನ್ನು ಕಿತ್ತುಕೊಂಡ ಸಾಹುಕಾರನ ಕಥೆ ಹೇಳಿದ. ದಾವೀದ ಕೆರಳಿ, ಆ ಸಾಹುಕಾರ ನಾಲ್ಕು ಪಟ್ಟು ಕೊಡಬೇಕೆಂದು ತೀರ್ಪು ಕೊಟ್ಟೇಬಿಟ್ಟ. ಆಮೇಲೆಯೇ ನಾತಾನ ಬೆರಳು ತಿರುಗಿಸಿದ್ದು. ಅಲ್ಲಿಯ ತನಕ ದಾವೀದನೂ ನಮ್ಮ ಚಾದ ಹೊತ್ತಿನವರ ಹಾಗೆ, ಓದು ಬೇರೆಯವರಿಗೆ ತಾಗುತ್ತದೆ ಎಂದುಕೊಂಡೇ ಕೇಳುತ್ತಿದ್ದ.

ಈ ಘಟನೆಯ ನಂತರದ ಪ್ರಾರ್ಥನೆ ಎಂದು ಹೇಳಲಾಗುವ 51ನೇ ಕೀರ್ತನೆ ನಮಗೆ ಬಾಯಿಪಾಠ. ಬೂದಿ ಬುಧವಾರದಿಂದಲೇ ಅದನ್ನು ಹಾಡುತ್ತೇವೆ. ದಾವೀದ ಅದರಲ್ಲಿ ತಾನು ದೇವರಿಗೆ ಮಾತ್ರ ದ್ರೋಹ ಮಾಡಿದವನಂತೆ ಮಾತಾಡುತ್ತಾನೆ. ಊರೀಯನ ಹೆಸರು ಕೀರ್ತನೆಯೊಳಗೆ ಎಲ್ಲೂ ಬರುವುದಿಲ್ಲ. ಹಾಗೆಂದು ಬೈಬಲ್ ಅವನನ್ನು ಮರೆತಿಲ್ಲ. ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿ ಓದುವಾಗ ನಮಗೆ ಆಕಳಿಕೆ ಬರುತ್ತದಲ್ಲ, ಅಲ್ಲಿ ಸೊಲೊಮೋನನ ತಾಯಿಯ ಮಾತು ಬಂದಾಗ ಮತ್ತಾಯ ಆಕೆಯ ಹೆಸರು ಬರೆಯದೆ ಊರೀಯನ ಹೆಂಡತಿಯಾಗಿದ್ದವಳು ಎಂದೇ ಗುರುತಿಸುತ್ತಾನೆ. ಯೇಸುವಿನ ವಂಶಾವಳಿಯ ನಡುವೆಯೇ, ಸಾವಿರ ವರ್ಷ ಹಿಂದೆ ಅನ್ಯಾಯವಾಗಿ ಸತ್ತ ಒಬ್ಬ ಸೈನಿಕನ ಹೆಸರು ನಿಂತಿದೆ. ಬೈಬಲ್ ಪಾಪಿಯನ್ನು ಕ್ಷಮಿಸುತ್ತದೆ, ಆದರೆ ಪಾಪದಿಂದ ಹಾಳಾದವನ ಹೆಸರನ್ನು ಅಳಿಸುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ: ಪಶ್ಚಾತ್ತಾಪಕ್ಕೆ ಒಂದು ವಿಳಾಸ ಬೇಕು. ಯಾರಿಗೆ, ಯಾವ ಮನೆಯವರಿಗೆ, ಯಾವ ವಿಷಯದಲ್ಲಿ ಎಂಬುದು ಗೊತ್ತಿಲ್ಲದ ಪಶ್ಚಾತ್ತಾಪ ನಮ್ಮೊಳಗೇ ಸುತ್ತಾಡಿ ಆರಿಹೋಗುತ್ತದೆ.

ಇದು ನಾನು ಹೊಸದಾಗಿ ಕಟ್ಟಿದ ಮಾತಲ್ಲ. ಅರಣ್ಯಕಾಂಡದ 5ನೇ ಅಧ್ಯಾಯ ತಪ್ಪು ಮಾಡಿದವನಿಗೆ ಎರಡು ಕೆಲಸ ಹೇಳುತ್ತದೆ: ಪಾಪ ಒಪ್ಪಿಕೊಳ್ಳಬೇಕು, ನಷ್ಟವಾದವನಿಗೆ ಪೂರ್ತಿ ಹಿಂದಿರುಗಿಸಿ ಐದನೇ ಒಂದು ಪಾಲು ಮೇಲೆ ಸೇರಿಸಿ ಕೊಡಬೇಕು. ಕದ್ದ ಕುರಿಗೆ ನಾಲ್ಕು ಕುರಿ ಎಂಬ ಲೆಕ್ಕ ವಿಮೋಚನಕಾಂಡದ 22ರಲ್ಲಿದೆ. ದಾವೀದ ಸಿಟ್ಟಿನಲ್ಲಿ ಉಚ್ಚರಿಸಿದ್ದು ಅದೇ ಲೆಕ್ಕ. ಲೂಕನ 19ನೇ ಅಧ್ಯಾಯದಲ್ಲಿ ಯೇಸು ಮನೆಗೆ ಬಂದಾಗ ಸುಂಕದ ಜಕ್ಕಾಯ ಎದ್ದು ನಿಂತು ಆಡಿದ್ದೂ ಲೆಕ್ಕದ ಮಾತೇ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಹೋದವರಿಗೆ ನಾಲ್ಕು ಪಟ್ಟು. ರಕ್ಷಣೆ ಈ ಮನೆಗೆ ಬಂತೆಂದು ಯೇಸು ಹೇಳಿದ್ದು ಅದನ್ನು ಕೇಳಿದ ಮೇಲೆ. ಮತ್ತಾಯನ 5ನೇ ಅಧ್ಯಾಯವಂತೂ ಕಾಣಿಕೆಯನ್ನು ಪೀಠದ ಎದುರೇ ಬಿಟ್ಟು, ನಮ್ಮ ಮೇಲೆ ಬೇಸರವಿರುವ ಸಹೋದರನಲ್ಲಿಗೆ ಮೊದಲು ಹೋಗಿ ಬರಲು ಹೇಳುತ್ತದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಇದನ್ನೇ ವಿಧಿಸುತ್ತದೆ: ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕಿದರೂ, ಕದ್ದದ್ದನ್ನು ಹಿಂದಿರುಗಿಸುವ, ಕೆಡಿಸಿದ ಹೆಸರನ್ನು ಸರಿಪಡಿಸುವ ಹೊಣೆ ಉಳಿದೇ ಇರುತ್ತದೆ. ಕುಮ್ಸಾರ್ ಮುಗಿಸಿ ಹೇಳಿದಷ್ಟು ಪ್ರಾರ್ಥನೆ ಒಪ್ಪಿಸಿ ಮನೆಗೆ ಹೋಗುವ ಅವಸರದಲ್ಲಿ ನಾವು ಬಿಡುವುದು ಈ ಅರ್ಧವನ್ನು.

ಬೈಬಲ್ ಸಾಮಾನ್ಯರ ಕೈಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕರಾವಳಿಯಲ್ಲಿ ಅದನ್ನು ಓದಿಸಿದರು. ಕಥೋಲಿಕರ ಅಜ್ಜ-ಅಜ್ಜಿಯರ ಕಾಲದಲ್ಲಿ ಬಲಿಪೂಜೆ ಲ್ಯಾಟಿನ್‌ನಲ್ಲಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರ ದಾಖಲೆಯಲ್ಲಿ ಬೈಬಲ್ ಎಲ್ಲ ವಿಶ್ವಾಸಿಗಳ ಕೈಗೆ ಧಾರಾಳವಾಗಿ ಸಿಗಬೇಕೆಂದು ಹೇಳಿದ ಮೇಲೆಯೇ ಅದು ನಮ್ಮ ಮನೆಗಳ ದೇವರ ಪೀಠದಿಂದ ಇಳಿದು ಮಡಿಲಿಗೆ ಬಂದದ್ದು. ಈಗ ಮೊಬೈಲಿನಲ್ಲೇ ಇದೆ. ಬೆಳಿಗ್ಗೆ ಐದಕ್ಕೆ ವಾಟ್ಸ್ಯಾಪ್ ಗುಂಪುಗಳಿಗೆ ಹೂವಿನ ಚಿತ್ರದ ಮೇಲೆ ವಾಕ್ಯ ಬರುತ್ತದೆ. ನಾವು ಕೈಮುಗಿದ ಚಿಹ್ನೆ ಒತ್ತಿ ಇನ್ನೊಂದು ಗುಂಪಿಗೆ ಕಳಿಸುತ್ತೇವೆ. ಕೈಗೆ ಬಂದ ಪುಸ್ತಕ ಬಾಳಿಗೆ ಇಳಿಯುವುದು ಬೇರೆಯೇ ಕೆಲಸ. ಆ ಕೆಲಸ ಮಾಡಿದವರು ನಮ್ಮ ಸುತ್ತಮುತ್ತಲೇ ಇದ್ದರು.

ಮೊದಲು ಕುಂದಾಪುರದ ಮಾತು. 1570ರಲ್ಲಿ ಆರಂಭವಾಯಿತೆನ್ನುವ ಹೋಲಿ ರೋಸರಿ ಚರ್ಚಿನವರು ಇವತ್ತಿಗೂ ಪ್ರೀತಿಯಿಂದ ನೆನೆಯುವ ಹೆಸರು ಸಂತ ಜೋಸೆಫ್ ವಾಸ್. 1651ರಲ್ಲಿ ಗೋವಾದ ಬಾಣಾವಲಿಯಲ್ಲಿ ಹುಟ್ಟಿ, 1681ರಿಂದ 1684ರ ತನಕ ಕೆನರಾದಲ್ಲಿ ದುಡಿದು, ಆಮೇಲೆ ಸಿಲೋನಿಗೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡವರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದಾಗ ನಮ್ಮಲ್ಲೂ ಸಂಭ್ರಮವಿತ್ತು. ವಾಸ್ ಅವರು ಇಲ್ಲಿಗೆ ಬಂದಾಗ ಕೆನರಾದ ಕ್ರೈಸ್ತರು ಎರಡು ಬಣವಾಗಿದ್ದರು. ಚರ್ಚಿನ ಮೇಲೆ ಪೋರ್ಚುಗೀಸ್ ರಾಜನಿಗಿದ್ದ ಪದ್ರೊಆದೊ ಹಕ್ಕಿನ ಕಡೆ ಕೆಲವರು, ರೋಮ್ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರ ಕಡೆ ಕೆಲವರು. ಯಾರ ಕೈಯ ಸಂಸ್ಕಾರ ಸರಿ ಎಂದು ಜನ ಗೊಂದಲದಲ್ಲಿದ್ದರು. ಗೋವಾದ ಅಧಿಕಾರ ಹೊತ್ತು ಬಂದ ವಾಸ್ ಅವರು ಆ ಅಧಿಕಾರವನ್ನೇ ಬೀಸಬಹುದಿತ್ತು. ಹಾಗೆ ಮಾಡದೆ, ರೋಮಿನಿಂದ ತೀರ್ಮಾನ ಬರುವ ತನಕ ಎದುರು ಬಣದ ಬಿಷಪ್ಪರ ಜೊತೆಗೇ ಹೊಂದಿಕೊಂಡು ಹೋಗುವ ದಾರಿ ಹುಡುಕಿದರು. ತನ್ನ ಪಕ್ಷದ ಗೆಲುವಿಗಿಂತ ನಡುವೆ ಸಿಕ್ಕಿಬಿದ್ದ ಜನ ಅವರಿಗೆ ಮುಖ್ಯರಾದರು.

ಅದೇ ವಿವಾದ ಎರಡು ಶತಮಾನದ ಮೇಲೆ ಮತ್ತೆ ಎದ್ದಾಗ ಹಾಗಾಗಲಿಲ್ಲ. 1889ರಲ್ಲಿ, ಕಥೋಲಿಕ ಪಾದ್ರಿಯಾಗಿದ್ದ ಅಲ್ವಾರಿಸ್ ಮಾರ್ ಜೂಲಿಯಸ್ ಕೋಟ್ಟಯಂನಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯಿಂದ ಬಿಷಪ್ ದೀಕ್ಷೆ ಪಡೆದರು. ಬ್ರಹ್ಮಾವರದಲ್ಲಿ ಫಾದರ್ ರೋಕ್ ಜೆಫ್ರಿನ್ ನೊರೊನ್ಹಾ ಅವರೊಂದಿಗೆ ಒಂದು ಸಮುದಾಯ ಅತ್ತ ಹೋಯಿತು. ಒಂದೇ ಕೊಂಕಣಿ, ಒಂದೇ ಅಡುಗೆ, ಅವೇ ಅಡ್ಡಹೆಸರುಗಳ ಜನ ಎರಡು ಚರ್ಚಿನವರಾದರು. ಯಾರು ಸರಿ ಎಂಬ ಲೆಕ್ಕ ಇತಿಹಾಸಕಾರರಿಗಿರಲಿ. ಎರಡೂ ಕಡೆಯ ಮನೆಗಳಲ್ಲಿ ಇವತ್ತಿಗೂ ಆ ಕಥೆ ಹೇಳುವಾಗ ಆಚೆಯವರ ತಪ್ಪುಗಳ ಪಟ್ಟಿ ಪೂರ್ತಿ ಇರುತ್ತದೆ, ಈಚೆಯವರ ತಪ್ಪಿನ ಪುಟ ಮಾತ್ರ ಖಾಲಿ. ಒಂದು ತಪಸ್ಸುಕಾಲದಲ್ಲಾದರೂ ಆ ಖಾಲಿ ಪುಟ ತುಂಬಿಸಲು ಎರಡೂ ಕಡೆಯ ಹಿರಿಯರು ಕೂರಬಹುದಲ್ಲ.

ಇನ್ನೊಬ್ಬರು ಪಂಡಿತಾ ರಮಾಬಾಯಿ. ಇವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮದೇ ಜಿಲ್ಲೆಯ, ಕಾರ್ಕಳ ತಾಲೂಕಿನ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡು ಘಟ್ಟದ ಕಾಡಿನ ಗಂಗಾಮೂಲದಲ್ಲಿ ನೆಲೆಸಿದವರು. ರಮಾಬಾಯಿ 1858ರಲ್ಲಿ ಅಲ್ಲಿ ಹುಟ್ಟಿದರು. ತೀರ್ಥಯಾತ್ರೆಯ ಅಲೆದಾಟ, 1870ರ ದಶಕದ ಬರಗಾಲದಲ್ಲಿ ತಂದೆತಾಯಿಯ ಸಾವು, ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ ಬಿರುದು, ಮದುವೆಯಾಗಿ ಎರಡೇ ವರ್ಷದಲ್ಲಿ ವೈಧವ್ಯ. ಗಂಡನ ಜೊತೆ ಸಿಲ್ಚಾರಿನಲ್ಲಿದ್ದಾಗ ಬಂಗಾಳಿಯ ಲೂಕನ ಸುವಾರ್ತೆಯ ಒಂದು ಪ್ರತಿ ಕಣ್ಣಿಗೆ ಬಿತ್ತು. ಆಮೇಲೆ ಇಂಗ್ಲೆಂಡಿನಲ್ಲಿ, ಸಮಾಜ ಹೊರದೂಡಿದ ಹೆಂಗಸರಿಗೆ ಕ್ರೈಸ್ತ ಸಹೋದರಿಯರು ಆಸರೆ ಕೊಡುತ್ತಿದ್ದ ಮನೆಯನ್ನು ನೋಡಿ, ಇವರು ಯಾಕೆ ಹೀಗೆ ಮಾಡುತ್ತಾರೆಂದು ವಿಚಾರಿಸಿದಾಗ ಯೋಹಾನನ 4ನೇ ಅಧ್ಯಾಯದ ಸಮಾರ್ಯದ ಹೆಂಗಸಿನ ಕಥೆ ಕೇಳಿದರು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಮತಾಂತರದ ಕಥೆ ಮಾತ್ರ ಆಗುತ್ತಿತ್ತು. ರಮಾಬಾಯಿ 1907ರಲ್ಲಿ ತಮ್ಮ ಸಾಕ್ಷ್ಯ ಬರೆದಾಗ ಇನ್ನೊಂದು ವಿಷಯ ಹೇಳಿದರು: ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಇನ್ನೂ ಸಿಕ್ಕಿರಲಿಲ್ಲ ಎಂಬುದು ಬೈಬಲ್ ಓದುತ್ತ ಓದುತ್ತ ಮನವರಿಕೆಯಾಯಿತಂತೆ. ಅಷ್ಟು ಹೊತ್ತಿಗೆ ಅವರು ಲೋಕಕ್ಕೆ ಹೆಸರುವಾಸಿ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದವರು. ಹೊರಗಿನವರು ಬೆರಳು ತೋರಿಸುವಂಥ ತಪ್ಪೇನೂ ಇರಲಿಲ್ಲ. ಆದರೂ ತನ್ನ ನಂಬಿಕೆ ತನಗೇ ಸಾಲದೆಂದು ಒಪ್ಪಿಕೊಂಡರು. ಆ ಅರಿವು ಕೋಣೆಯ ಪ್ರಾರ್ಥನೆಯಲ್ಲಿ ಉಳಿಯಲಿಲ್ಲ. ಅದಕ್ಕೆ ವಿಳಾಸ ಸಿಕ್ಕಿತು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ, ಹಸಿದ, ಮಾರಾಟವಾಗುವ ಅಪಾಯದಲ್ಲಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ನೆಲೆಗೊಳಿಸಿದರು. ಹಸಿವಿನಿಂದ ಹೆತ್ತವರನ್ನು ಕಳೆದುಕೊಂಡವಳಿಗೆ ಯಾರ ಬಳಿ ಹೋಗಬೇಕೆಂದು ಹುಡುಕಬೇಕಾಗಿರಲಿಲ್ಲ.

ರಮಾಬಾಯಿಯಿಂದ ಕಲಿಯಬೇಕಾದ ಇನ್ನೊಂದು ಸಂಗತಿಯೂ ಇದೆ. ಅವರು ಬೈಬಲಿಗೆ ತಲೆಬಾಗಿದರು, ಆದರೆ ತನ್ನನ್ನು ತಿದ್ದಲು ಬಂದ ಮನುಷ್ಯರಿಗೆಲ್ಲ ಆತ್ಮಸಾಕ್ಷಿಯನ್ನು ಬಿಟ್ಟುಕೊಡಲಿಲ್ಲ. ವಾಂಟೇಜ್‌ನ ಸಿಸ್ಟರ್ ಜೆರಾಲ್ಡಿನ್ ಜೊತೆ ವರ್ಷಗಟ್ಟಲೆ ಪತ್ರಗಳಲ್ಲಿ ವಾದ ಮಾಡಿದರು. ಆಂಗ್ಲಿಕನ್ ಸಭೆ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಲು ಆಗದೆಂದರು. ಆತ್ಮಪರಿಶೋಧನೆ ಎಂದರೆ ದೊಡ್ಡವರ ಮುಂದೆ ಕುಗ್ಗಿ ಕೂರುವುದೆಂದು ತಿಳಿದವರು ಆ ಪತ್ರಗಳ ವಿಷಯ ಓದಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ಎಲ್ಲಿ ಹುಡುಕಬೇಕೆಂದು ಕೇಳಿದರೆ, ನನಗೆ ಕಾಣುವುದು ಮೂರು ಜಾಗ.

ಒಂದು, ಆಸ್ತಿ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ನಡೆಯುವುದೇನು? ಮುಂಬೈಯಲ್ಲಿರುವ ತಂಗಿ ಮೊಂತಿ ಹಬ್ಬಕ್ಕೆ ಬರುತ್ತಾಳೆ. ಹೊಸ ತೆನೆಯ ಊಟವಾಗುತ್ತದೆ. ಮರುದಿನ ಬೆಳಿಗ್ಗೆ ಅಣ್ಣ, "ಒಂದು ಸಣ್ಣ ಕೆಲಸ ಉಂಟು, ಬಾ" ಎಂದು ರಿಕ್ಷಾ ಹತ್ತಿಸುತ್ತಾನೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಬರವಣಿಗೆಯವರ ಮೇಜಿನ ಮೇಲೆ ಹಕ್ಕು ಬಿಡುಗಡೆ ಪತ್ರ ಟೈಪಾಗಿ ಸಿದ್ಧ. ಆಕೆ ಓದಿ ನೋಡಲು ಕನ್ನಡಕ ಹುಡುಕುವಾಗ, "ಎಂತ ಓದುವುದು, ನಮ್ಮ ಮೇಲೆ ನಂಬಿಕೆ ಇಲ್ಲವಾ?" ಎಂಬ ಮಾತು ಬರುತ್ತದೆ. ತವರಿನ ದಾರಿ ಮುಚ್ಚಬಾರದೆಂದು ಸಹಿ ಹಾಕುತ್ತಾಳೆ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಡಿಕ್ಲರೇಶನ್ ಹಾಕಿದಾಗ, ಮನೆಯ ಎಲ್ಲರೂ ದುಡಿದ ಗದ್ದೆ ಓದುಬರಹ ಬಲ್ಲ ಒಬ್ಬನ ಹೆಸರಿಗೆ ಆದ ಕಥೆಗಳೂ ಉಂಟು. ಕೆಲವು ಇನ್ನೂ ಕೋರ್ಟಿನಲ್ಲಿವೆ. ಮೂಲ ಕಕ್ಷಿಗಾರರು ಸತ್ತು ಮೊಮ್ಮಕ್ಕಳು ವಾಯಿದೆಗೆ ಹೋಗುತ್ತಿದ್ದಾರೆ.

ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ತಂದೆ ಸತ್ತ ಐವರು ಅಕ್ಕತಂಗಿಯರು ಮೋಶೆಯ ಎದುರು ನಿಂತು ತಮ್ಮ ಪಾಲು ಕೇಳುತ್ತಾರೆ. ಅವರ ಮಾತು ನ್ಯಾಯವಾದದ್ದು ಎಂದು ದೇವರೇ ತೀರ್ಪು ಕೊಡುತ್ತಾನೆ. ಲೂಕನ 12ರಲ್ಲಿ ಅಣ್ಣನಿಂದ ಪಾಲು ಕೊಡಿಸೆಂದು ಬಂದವನಿಗೆ ಯೇಸು ನ್ಯಾಯಾಧೀಶನಾಗಲು ಒಪ್ಪದೆ, ದುರಾಸೆಯ ಬಗ್ಗೆ ಎಚ್ಚರಿಸುತ್ತಾನೆ. ಮೊದಲನೆಯದನ್ನು ಅಣ್ಣಂದಿರು ಓದಬೇಕು, ಎರಡನೆಯದನ್ನು ದಾವೆ ಹೂಡಿದ ಎಲ್ಲರೂ ಓದಬೇಕು. ನಾವು ಸಾಮಾನ್ಯವಾಗಿ ಅದಲುಬದಲು ಮಾಡಿ ಓದುತ್ತೇವೆ.

ಎರಡು, ಕೂಲಿ ಮತ್ತು ರಜೆ. ನಮ್ಮಲ್ಲಿ ತೋಟ ಇರುವವರು, ಬೋಟ್ ಇರುವವರು, ಗೇರುಬೀಜ, ಹೆಂಚು, ಹೋಟೆಲು ನಡೆಸುವವರು ಇದ್ದಾರೆ. ನಮ್ಮ ಶಾಲೆಗಳಲ್ಲಿ ಅನುದಾನವಿಲ್ಲದ ಹುದ್ದೆಯಲ್ಲಿ ಪಾಠ ಮಾಡುವ ಟೀಚರುಗಳಿದ್ದಾರೆ. ಕೊಲ್ಲಿ ದೇಶದಲ್ಲೋ ಕೆನಡಾದಲ್ಲೋ ಮಕ್ಕಳಿರುವ ಮನೆಗಳಲ್ಲಿ ವಯಸ್ಸಾದ ಅಮ್ಮನನ್ನು ನೋಡಿಕೊಳ್ಳಲು ಹೋಂನರ್ಸ್ ಇದ್ದಾಳೆ. ರಾತ್ರಿ ಮೂರು ಸಲ ಏಳುವವಳು ಅವಳು. ಅಮ್ಮನನ್ನು ಹಾ‍ಸಿಗೆಯಲ್ಲಿ ಮಗ್ಗುಲು ಬದಲಿಸಿ, ಬೆನ್ನು ಹುಣ್ಣಾಗದಂತೆ ನೋಡಿಕೊಂಡು, ವಿಡಿಯೋ ಕರೆಯಲ್ಲಿ ಮಗನಿಗೆ ಅಮ್ಮನ ಮುಖ ತೋರಿಸಿ ತಾನು ಚೌಕಟ್ಟಿನಿಂದ ಹೊರಗೆ ಸರಿಯುತ್ತಾಳೆ. ಅವಳಿಗೆ ವಾರಕ್ಕೊಂದು ದಿನ ರಜೆ ಉಂಟಾ? ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಸಬ್ಬತ್ ದಿನ ನಮ್ಮಂತೆಯೇ ಮನೆಯ ಆಳೂ ದಾಸಿಯೂ ವಿಶ್ರಾಂತಿ ಪಡೆಯಬೇಕೆಂದಿದೆ. ನಾವು ಭಾನುವಾರದ ಬಲಿಪೂಜೆ ತಪ್ಪಿಸಿದ್ದನ್ನು ಪಾಪನಿವೇದನೆಯಲ್ಲಿ ಹೇಳುತ್ತೇವೆ. ಇನ್ನೊಬ್ಬಳ ಭಾನುವಾರಗಳನ್ನು ತೆಗೆದುಕೊಂಡದ್ದನ್ನು ಹೇಳುತ್ತೇವಾ? ತಡೆಹಿಡಿದ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆಂದು ಯಾಕೋಬನ ಪತ್ರದ ಕೊನೆಯ ಅಧ್ಯಾಯ ಎಚ್ಚರಿಸುತ್ತದೆ. ಯಾರಿಗಾದರೂ 10 ಸಾವಿರ ರೂಪಾಯಿ ಕೂಲಿ ಬಾಕಿ ಇದ್ದರೆ, ಅರಣ್ಯಕಾಂಡದ ಲೆಕ್ಕದಲ್ಲಿ ಕೊಡಬೇಕಾದದ್ದು 12 ಸಾವಿರ. ಇದಕ್ಕಿಂತ ಸ್ಪಷ್ಟವಾದ ಧ್ಯಾನ ಬೇಕಾಗಿಲ್ಲ.

ಮೂರು, ಜಾತಿ. ಬಾಮಣ್, ಚಾರೊಡಿ, ಸುದಿರ್ ಎಂಬ ಮಾತು ಕೂಟದಲ್ಲಿ ಯಾರೂ ಎತ್ತುವುದಿಲ್ಲ. ಮದುವೆ ಮಾತುಕತೆಯಲ್ಲಿ ಎಲ್ಲರಿಗೂ ನೆನಪಾಗುತ್ತದೆ. "ಹುಡುಗ ಒಳ್ಳೆಯವ, ಆದರೆ ಅವರು ನಮ್ಮ ಕಡೆಯವರಲ್ಲ" ಎಂದು ದನಿ ತಗ್ಗಿಸಿ ಹೇಳುವವರೇ ಮರುದಿನ ಪೀಠದ ಮುಂದೆ ಒಂದೇ ಪಾತ್ರೆಯ ಪ್ರಸಾದಕ್ಕೆ ಸಾಲು ನಿಲ್ಲುತ್ತಾರೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿ ಜಾಗ ಕೊಡುವ ಸಭೆಯನ್ನು ಯಾಕೋಬ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ನೇರವಾಗಿ ಗದರಿಸುತ್ತಾನೆ. ಬೇರೆಯವರ ಜಾತಿ ತಾರತಮ್ಯದ ಬಗ್ಗೆ ನಮಗೆ ಸಾಕಷ್ಟು ಮಾತಿದೆ. ನಮ್ಮ ಮನೆ ಮದುವೆಯ ರೋಸ್ ಚಪ್ಪರದ ಕೆಳಗೆ ಯಾರು ಇರಲಿಲ್ಲ, ಯಾಕೆ ಇರಲಿಲ್ಲ ಎಂದು ಒಮ್ಮೆ ಲೆಕ್ಕ ಹಾಕಿದರೆ ಆ ಮಾತಿಗೆ ತೂಕ ಬಂದೀತು.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆ ಹೇಳದಿದ್ದರೆ ಈ ಪತ್ರವೇ ಕೆಟ್ಟ ಕೆಲಸಕ್ಕೆ ಬಳಕೆಯಾದೀತು.

ಆತ್ಮಪರಿಶೋಧನೆ ಮಾಡಿಕೋ ಎಂಬ ಉಪದೇಶ ನಮ್ಮ ಸಮಾಜದಲ್ಲಿ ಹೆಚ್ಚಾಗಿ ಹೋಗುವುದು ಪೆಟ್ಟು ತಿಂದವರ ಕಡೆಗೆ. ಕುಡಿದು ಬಂದ ಗಂಡ ಹೊಡೆದಾಗ, "ನೀನೂ ಸ್ವಲ್ಪ ನಿನ್ನನ್ನು ನೋಡಿಕೋ, ಏಳೆಪ್ಪತ್ತು ಸಲ ಕ್ಷಮಿಸಬೇಕಂತೆ" ಎಂದು ಹೆಂಡತಿಗೆ ಬುದ್ಧಿ ಹೇಳುವ ಹಿರಿಯರಿದ್ದಾರೆ. ಆ ಕ್ಷಮೆಯ ಮಾತು ಇರುವ ಮತ್ತಾಯನ 18ನೇ ಅಧ್ಯಾಯವನ್ನು ಆರಂಭದಿಂದ ಓದಿ. ಸಣ್ಣವರನ್ನು ಎಡವಿಸುವವನಿಗೆ ಕೊಟ್ಟ ಭಯಂಕರ ಎಚ್ಚರಿಕೆ ಅಲ್ಲಿ ಮೊದಲು ಬರುತ್ತದೆ. ಆಮೇಲೆ ತಪ್ಪು ಮಾಡಿದವನನ್ನು ಎದುರಿಸುವ ಕ್ರಮ: ಮೊದಲು ಒಬ್ಬರೇ, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಅದಕ್ಕೂ ಬಗ್ಗದಿದ್ದರೆ ಸಭೆಯ ಮುಂದೆ. ಕ್ಷಮೆಯ ಪ್ರಶ್ನೆ ಬರುವುದು ಇದೆಲ್ಲ ಆದ ಮೇಲೆ. ಹೊಡೆತ ತಿನ್ನುವವಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಆಕೆಗೂ ಇದೆ, 181 ಸಹಾಯವಾಣಿ ಆಕೆಗೂ ಇದೆ. ಕೂಟದಲ್ಲಿ ಇದನ್ನು ಗಟ್ಟಿಯಾಗಿ ಹೇಳುವುದು ಬೈಬಲಿಗೆ ವಿರುದ್ಧವಲ್ಲ.

ಎರಡನೆಯದು, ಕೆಲವರು ತಮ್ಮನ್ನು ಬೇಕಾದ್ದಕ್ಕಿಂತ ಹೆಚ್ಚೇ ಶೋಧಿಸಿಕೊಳ್ಳುತ್ತಾರೆ. ಒಪ್ಪಿಕೊಂಡ ತಪ್ಪನ್ನೇ ಮತ್ತೆ ಮತ್ತೆ ಒಪ್ಪಿಕೊಳ್ಳುತ್ತಾರೆ, ನಿದ್ದೆ ಬಿಡುತ್ತಾರೆ, ದೇವರು ತನ್ನನ್ನು ಬಿಟ್ಟನೆಂದು ನಂಬುತ್ತಾರೆ. ಅಂಥವರಿಗೆ ಇನ್ನೊಂದು ವಾಕ್ಯ ಓದಿಸುವುದು ಪರಿಹಾರವಲ್ಲ. ಅದು ಕಾಯಿಲೆಯಾಗಿರಬಹುದು, ವೈದ್ಯರ ಬಳಿ ಕರೆದುಕೊಂಡು ಹೋಗಿ. ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹಾಗಾದರೆ ಕೂಟದಲ್ಲಿ ಏನು ಮಾಡಬಹುದು? ನನ್ನ ಸಲಹೆ ಸರಳ. ಒಂದು ಸಣ್ಣ ಭಾಗವನ್ನು ಎರಡು ಸಲ ಓದಿ. ಎರಡನೇ ಸಲ ಓದುವಾಗ, ಅಲ್ಲಿ ನೋವು ತಿಂದ ಮನುಷ್ಯನ ಕಡೆ ಗಮನ ಕೊಡಿ. ದಾವೀದನ ಕಥೆಯಲ್ಲಿ ಆತ ಊರೀಯ. ಜಕ್ಕಾಯನ ಕಥೆಯಲ್ಲಿ, ಹೆಚ್ಚು ಸುಂಕ ಕೊಟ್ಟು ಕಂಗಾಲಾಗಿ ಮನೆಗೆ ಹೋದ ರೈತ. ನನ್ನ ಬದುಕಿನಲ್ಲಿ ಆ ಜಾಗದಲ್ಲಿ ಇರುವವರು ಯಾರು? ಐದು ನಿಮಿಷ ಯಾರೂ ಮಾತಾಡದೆ ಕೂರಿ. ಮನಸ್ಸಿಗೆ ಬಂದ ಒಂದು ಹೆಸರು, ಒಂದು ವಿಷಯ ಚೀಟಿಯಲ್ಲಿ ಬರೆದು ಅವರವರ ಕಿಸೆಯಲ್ಲಿ ಇಟ್ಟುಕೊಳ್ಳಿ. ಗುರ್ಕಾರರು ಚೀಟಿ ಕೇಳಬಾರದು, ಮುಂದಿನ ವಾರ ಏನಾಯಿತೆಂದು ಯಾರೂ ವಿಚಾರಿಸಬಾರದು. ಸಾಕ್ಷ್ಯ ಹೇಳುವ ಚಪಲಕ್ಕೂ ಕಡಿವಾಣ ಇರಲಿ. ನನ್ನ ಒಳ್ಳೆಯತನದ ಕಥೆಯಲ್ಲಿ ಇನ್ನೊಬ್ಬರ ಮಾನ ಹೋಗಬಾರದು.

ಆ ಮನುಷ್ಯನ ಬಳಿ ಹೋದಾಗ ವಿವರಣೆ ಬೇಡ. "ಆಗ ಪರಿಸ್ಥಿತಿ ಹಾಗಿತ್ತು" ಎಂಬ ಮಾತು ಅರ್ಧ ಕ್ಷಮೆಯನ್ನು ವಾಪಸು ತೆಗೆದುಕೊಂಡ ಹಾಗೆ. ಹಣವಾದರೆ ಹಣ, ಸಹಿಯಾದರೆ ಸಹಿ, ನಾಲ್ಕು ಜನರ ಮುಂದೆ ಕೆಡಿಸಿದ ಹೆಸರಾದರೆ ಅದೇ ನಾಲ್ಕು ಜನರ ಮುಂದೆ ಸರಿಪಡಿಸಿದ ಮಾತು. ಅವರು ಕ್ಷಮಿಸಲೇಬೇಕೆಂಬ ನಿರೀಕ್ಷೆಯೂ ಬೇಡ. ಬೈಬಲ್ ನಮ್ಮನ್ನು ಕಳಿಸುತ್ತದೆ, ಆಚೆಯವರಿಂದ ಉತ್ತರ ಕೊಡಿಸುವ ಭರವಸೆ ಕೊಡುವುದಿಲ್ಲ. ತೀರಿಕೊಂಡವರಾದರೆ ಅವರ ಮಕ್ಕಳಿದ್ದಾರೆ. ಅರಣ್ಯಕಾಂಡದ ಆ 5ನೇ ಅಧ್ಯಾಯ ಹತ್ತಿರದ ಬಂಧುವಿನ ವಿಷಯವನ್ನೂ ಬಿಟ್ಟಿಲ್ಲ.

ಬದಲಾವಣೆ ಎಂದರೆ ಏನೋ ಎತ್ತರದ ಅನುಭವವೆಂದು ನಾವು ಕಾಯುತ್ತೇವೆ. ಧ್ಯಾನಕೂಟದಲ್ಲಿ ಕಣ್ಣೀರು ಬಂದರೆ ಬದಲಾದೆವೆಂದು ನಂಬುತ್ತೇವೆ. ಕಣ್ಣೀರು ಒಳ್ಳೆಯದೇ. ಆದರೆ ನಾನು ಬದಲಾದೆನೋ ಇಲ್ಲವೋ ಎಂದು ಹೇಳಬೇಕಾದವರು ನನ್ನ ತಂಗಿ, ನನ್ನ ತೋಟದ ಆಳು, ನಾನು ಎರಡು ವರ್ಷದಿಂದ ಮುಖ ತಿರುಗಿಸಿಕೊಂಡು ಹೋಗುತ್ತಿರುವ ಬೇಲಿಯಾಚೆಯ ಮನೆಯವರು. ಅವರ ಅರಿವಿಗೆ ಬಾರದ ಬದಲಾವಣೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀವೂ ಹಿಡಿಯಬೇಡಿ.

ಈ ಸಲ ಈಸ್ಟರಿಗೆ ಮುಂಚೆ ಪ್ರತಿಯೊಬ್ಬರೂ ಒಂದೇ ಒಂದು ಮನೆಗೆ ಹೋಗಿ ಬರೋಣ. ಬಾಗಿಲು ತೆರೆಯದಿದ್ದರೆ ಇನ್ನೊಂದು ದಿನ ಹೋಗೋಣ. ಕೊಡಬೇಕಾದದ್ದು ಇದ್ದರೆ ಕೈಯಲ್ಲಿ ಹಿಡಿದುಕೊಂಡೇ ಹೋಗೋಣ.

ಇತಿ,
ನಿಮ್ಮ ಜೊತೆ ಓದುವವನೊಬ್ಬ